ಹನ್ನೊಂದನೇ ಬಿಲ್ಲೆ ತಿರುಗಿದ್ದ ಇಪ್ಪತ್ತೊಂಬತ್ತು ದಿನ

ನವೆಂಬರ್ ಹದಿನೈದು, ಮಂಗಳವಾರ, ಬೆಳಿಗ್ಗೆ ಆರೂ ನಲವತ್ತು. ಆ ಹೊತ್ತಿಗೆ ನಾನು ನಮ್ಮ ಹಾಸ್ಟೆಲಿನ ಊಟದ ಮನೆಯ ಗೋಡೆಯ ಮುಂದೆ ನಿಂತು ಹೊಸ ನೋಟ್‌ಬುಕ್ಕಿನ ಮೊದಲ ಸಾಲು ಬರೆದೆ: ‘ತಿರುಗಿದ ಬಿಲ್ಲೆಗಳು: 4, 11, 27.’ ನಾನಾಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಹಿಂದಿನ ದಿನವಷ್ಟೇ ನನ್ನನ್ನು ಮೆಸ್ ಕಾರ್ಯದರ್ಶಿ ಮಾಡಿದ್ದರು.

ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ಅಡ್ಡರಸ್ತೆಯಲ್ಲಿದ್ದ ಆ ಹಾಸ್ಟೆಲ್ ಒಂದು ಟ್ರಸ್ಟಿನದು. ನಲವತ್ತು ಹುಡುಗಿಯರು, ಒಬ್ಬರು ವಾರ್ಡನ್, ಅಡುಗೆಗೆ ಒಬ್ಬರು. ಉಳಿದ ಕೆಲಸವೆಲ್ಲ ನಮ್ಮದೇ. ತರಕಾರಿ ಹೆಚ್ಚುವುದು, ಬಡಿಸುವುದು, ಎಂಜಲು ಎತ್ತಿ ನೆಲ ಒರೆಸುವುದು. ದಿನಕ್ಕೆ ಎಂಟು ಮಂದಿ, ಅಂದರೆ ಒಬ್ಬೊಬ್ಬರಿಗೆ ಐದು ದಿನಕ್ಕೊಂದು ಸರದಿ. ಒಂದು ಸರದಿಗೆ ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಕಾರಣವಿಲ್ಲದೆ ಐದು ಸರದಿ ತಪ್ಪಿಸಿದರೆ ಸೀಟು ಹೋಗುತ್ತದೆ ಎಂದು ಸೇರುವಾಗ ಎಲ್ಲರೂ ಸಹಿ ಹಾಕಿರುತ್ತಿದ್ದೆವು.

ಗೋಡೆಯ ಮೇಲೆ ಒಂದು ಹಲಗೆ, ಅದರಲ್ಲಿ ನಲವತ್ತು ಮೊಳೆ, ಮೊಳೆಗೊಂದು ಮರದ ಬಿಲ್ಲೆ. ಬಿಲ್ಲೆಯ ಒಂದು ಮುಖದಲ್ಲಿ ಹುಡುಗಿಯ ನಂಬರ್, ಇನ್ನೊಂದು ಮುಖ ಖಾಲಿ. ಮುಟ್ಟಾದವರು ಬೆಳಿಗ್ಗೆ ತಮ್ಮ ಬಿಲ್ಲೆಯನ್ನು ತಾವೇ ತಿರುಗಿಸಿ ಖಾಲಿ ಮುಖ ಕಾಣುವಂತೆ ಹಾಕಬೇಕು. ಬಿಲ್ಲೆ ತಿರುಗಿದ್ದಷ್ಟು ದಿನ ಅವರಿಗೆ ಸರದಿ ಇಲ್ಲ. ಊಟದ ಮನೆಯ ಒಳಗೂ ಬರುವ ಹಾಗಿಲ್ಲ. ಹಿಂದಿನ ಜಗಲಿಯಲ್ಲಿ ಕೂತು ಉಂಡು ತಟ್ಟೆ ತಾವೇ ತೊಳೆದಿಡಬೇಕು. ಓದುವ ಕೋಣೆ ದೇವರ ಮನೆಗೆ ಅಂಟಿಕೊಂಡಿದ್ದರಿಂದ ಅಲ್ಲಿಗೂ ಪ್ರವೇಶವಿಲ್ಲ. ಇದೆಲ್ಲ ಬರೆದಿಟ್ಟ ನಿಯಮವಲ್ಲ, ನಡೆದು ಬಂದದ್ದು. ಅದರ ಜೊತೆಗೆ ಇನ್ನೊಂದೂ ನಡೆದು ಬಂದಿತ್ತು. ತಿರುಗಿದ ಬಿಲ್ಲೆಯ ಬಗ್ಗೆ ಯಾರೂ ಏನೂ ಕೇಳುತ್ತಿರಲಿಲ್ಲ. ಯಾರೂ ಎಣಿಸುತ್ತಲೂ ಇರಲಿಲ್ಲ.

ನಾನು ಎಣಿಸಿದೆ. ಜಗಲಿಗೆ ಎಷ್ಟು ತಟ್ಟೆ ಹೋಗಬೇಕೆಂದು ಅಡುಗೆಯವರಿಗೆ ಹೇಳುವುದಕ್ಕೆ ಆ ದಿನದ ಸಂಖ್ಯೆ ಸಾಕಿತ್ತು. ಆದರೆ ನನಗೆ ಯಾವುದನ್ನೂ ದಿನಾಂಕ ಹಾಕಿ ಬರೆದುಕೊಳ್ಳದೆ ಬಿಟ್ಟು ಅಭ್ಯಾಸವಿಲ್ಲ.

ಹನ್ನೊಂದನೇ ನಂಬರಿನ ಹುಡುಗಿ ಮೊದಲ ವರ್ಷದ ಬಿ.ಎ. ನಂಜನಗೂಡಿನ ಆಚೆಯ ಒಂದು ಹಳ್ಳಿಯವಳು. ಬಂದ ಮೊದಲ ದಿನ ಅವಳಿಗೆ ಹಲಗೆ ತೋರಿಸಿ ವಿವರಿಸಿದವಳು ನಾನೇ.

“ಮೂರೇ ದಿನಾನಾ ಅಕ್ಕ? ಜಾಸ್ತಿ ಆದ್ರೆ ಎಂಗೆ?” ಎಂದಳು.

“ಜಾಸ್ತಿ ಆದ್ರೆ ಜಾಸ್ತಿ ದಿನ. ನಿಂತ ಮೇಲೆ ತಲೆಗೆ ಸ್ನಾನ ಮಾಡಿ ಸರಿ ಮಾಡು, ಅಷ್ಟೇ.”

ಅವಳು ಬಿಲ್ಲೆಯನ್ನು ಮುಟ್ಟಿ ನೋಡಿದಳು. “ಈ ಸೀಟು ಸಿಕ್ದೆ ಇದ್ದಿದ್ರೆ ಕಾಲೇಜು ಬುಡ್ಬೇಕಾಗಿತ್ತು ಅಕ್ಕ. ನಮ್ಮೂರಿಗೆ ಮೊದಲ್ನೇ ಬಸ್ಸು ಬರೋದೇ ಎಂಟೂವರೆಗೆ,” ಎಂದಳು. ಅವಳ ಮೊದಲ ಪಾಠ ಒಂಬತ್ತಕ್ಕೆ ಶುರುವಾಗುತ್ತಿತ್ತು.

ನವೆಂಬರಿನಲ್ಲಿ ಅವಳ ಬಿಲ್ಲೆ ನಾಲ್ಕು ದಿನ ತಿರುಗಿತ್ತು. ಹನ್ನೊಂದು ದಿನದ ಮೇಲೆ, ಇಪ್ಪತ್ತೊಂಬತ್ತಕ್ಕೆ, ಮತ್ತೆ ತಿರುಗಿತು. ಈ ಸಲ ಎಂಟು ದಿನ. ಡಿಸೆಂಬರ್ ಹದಿನಾರರಿಂದ ಏಳು ದಿನ. ಜನವರಿ ಎರಡರಿಂದ ಹತ್ತು ದಿನ.

ಮೊದಲು ಗಮನಿಸಿ ಆಡಿಕೊಂಡವಳು ನನ್ನ ರೂಮಿನ ಜೊತೆಗಾತಿ. ಕೊನೆಯ ವರ್ಷದವಳು. ಅವಳು ಬಾಯಿ ತೆರೆದರೆ ಊಟದ ಮನೆಯೇ ನಗಲು ಸಿದ್ಧವಾಗಿರುತ್ತಿತ್ತು. ಡಿಸೆಂಬರ್ ನಾಲ್ಕರ ಭಾನುವಾರ ಹಲಗೆಯ ಮುಂದೆ ನಿಂತು, “ಏನೇ, ನಿನ್ನ ಹನ್ನೊಂದು ಇನ್ನೂ ಬೆನ್ನು ತೋರಿಸ್ಕೊಂಡೇ ಇದ್ಯಲ್ಲ. ಅವರೂರಲ್ಲಿ ತಿಂಗಳು ಅಂದ್ರೆ ಹದಿನೈದು ದಿನವೇನೋ,” ಎಂದಳು. ಸುತ್ತ ಇದ್ದ ಆರು ಮಂದಿಯೂ ನಕ್ಕರು. ನಾನು ಏಳನೆಯವಳು.

ಮರುದಿನದಿಂದ ಅವಳು ಮೆಸ್ಸಿನ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಹನ್ನೊಂದನೇ ಬಿಲ್ಲೆಯ ಫೋಟೋ ಹಾಕತೊಡಗಿದಳು. ಕೆಳಗೆ ಒಂದು ಸಾಲು: ‘ಇಂದಿನ ಹವಾಮಾನ. ಹನ್ನೊಂದರಲ್ಲಿ ಮಳೆ ಮುಂದುವರಿಯಲಿದೆ.’ ಬಿಲ್ಲೆ ಸರಿಯಾದ ದಿನ: ‘ಬಿಸಿಲು. ಎರಡು ದಿನ ನಂಬಬೇಡಿ.’ ಜನವರಿ ಹನ್ನೊಂದರವರೆಗೆ ಇಂಥ ಮೂವತ್ತೊಂದು ಫೋಟೋ ಬಂದವು. ಅವುಗಳಲ್ಲಿ ಹದಿನೇಳಕ್ಕೆ ನಾನು ನಗುವ ಮುಖ ಒತ್ತಿದ್ದೇನೆ. ಹನ್ನೊಂದನೇ ನಂಬರಿನವಳೂ ಆ ಗುಂಪಿನಲ್ಲಿದ್ದಳು. ಪ್ರತಿ ಫೋಟೋವನ್ನೂ ನೋಡಿದವರ ಪಟ್ಟಿಯನ್ನು ಜೊತೆಗಾತಿ ತನ್ನ ಫೋನಿನಲ್ಲಿ ತೋರಿಸುತ್ತಿದ್ದಳು, ಅದರಲ್ಲಿ ಹನ್ನೊಂದರವಳೂ ಇರುತ್ತಿದ್ದಳು. ಒಂದು ಸಲವೂ ಏನೂ ಬರೆಯಲಿಲ್ಲ, ಗುಂಪು ಬಿಡಲೂ ಇಲ್ಲ. ಮಾರನೆಯ ದಿನದ ಸರದಿಯ ಪಟ್ಟಿ ಬರುತ್ತಿದ್ದದ್ದು ಅದೇ ಗುಂಪಿಗೆ.

ಯಾರ ಬಿಲ್ಲೆಯಾದರೂ ತಿರುಗಿದ್ದರೆ ಉಳಿದ ಏಳು ಮಂದಿ ಅವಳ ಕೆಲಸ ಹಂಚಿಕೊಳ್ಳಬೇಕು. ಆಗದಿದ್ದರೆ ಕಾರ್ಯದರ್ಶಿ ನಿಲ್ಲಬೇಕು. ಹನ್ನೊಂದರವಳ ಬದಲಿಗೆ ನಾನು ನಾಲ್ಕು ಸಲ ಬಡಿಸಿದೆ. ನಾಲ್ಕನೆಯ ಸಲ ಸಾಂಬಾರಿನ ಬಕೆಟ್ಟು ಕೈಗೆ ಸೋಕಿ ಹೆಬ್ಬೆರಳು ಸುಟ್ಟಿತು. ಮರುದಿನ, ಶುಕ್ರವಾರ, ನೇರ ಹಿಂದಿನ ಜಗಲಿಗೆ ಹೋದೆ. ಅವಳು ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಉಣ್ಣುತ್ತಿದ್ದಳು.

“ಇನ್ನೂ ನಿಂತಿಲ್ವಾ?”

“ಇಲ್ಲ ಅಕ್ಕ.”

“ಡಾಕ್ಟರ್‌ಗೆ ತೋರಿಸ್ದ್ಯಾ?”

“ಪರೀಕ್ಷೆ ಮುಗೀಲಿ ಅಂತ ಅಕ್ಕ.”

“ಹಾಗಾದ್ರೆ ಪರೀಕ್ಷೆಗೆ ಹೋಗೋಕಾಗತ್ತೆ. ಬಡಿಸೋಕೆ ಮಾತ್ರ ಆಗಲ್ಲ.”

ಅವಳು ತಲೆ ಎತ್ತಿದಳು. “ಬಡಿಸಾಕೂ ಆಯ್ತದೆ ಅಕ್ಕ. ನೀವು ಒಳಕ್ಕೆ ಬುಡ್ಬೇಕಲ್ಲ.”

ಆ ದಿನದ ಡೈರಿಯಲ್ಲಿ ನಾನು ಇದನ್ನು ‘ಎದುರು ಮಾತು’ ಎಂದು ಬರೆದಿದ್ದೇನೆ. ಆಮೇಲೆ ಕೂತು ಒಂದು ಕೋಷ್ಟಕ ಹಾಕಿದೆ. ಎರಡು ವಾರ ಬಿಟ್ಟು ಅದನ್ನು ವಾರ್ಡನ್ ಮೇಡಂಗೆ ತೋರಿಸಿದೆ. ಅವರು ನಿವೃತ್ತ ಶಾಲಾ ಶಿಕ್ಷಕಿ. ಕನ್ನಡಕ ಏರಿಸಿ ಎರಡು ಸಲ ಓದಿ, “ಎಷ್ಟು ಅಚ್ಚುಕಟ್ಟಾಗಿ ಬರ್ದಿದೀಯಮ್ಮ,” ಎಂದರು. ನನಗೆ ಬಹಳ ಸಂತೋಷವಾಯಿತು. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ.

ಜನವರಿ ಇಪ್ಪತ್ತೆರಡು, ಭಾನುವಾರ, ಹತ್ತೂವರೆಗೆ ಊಟದ ಮನೆಯಲ್ಲಿ ಸಭೆ. ನಲವತ್ತು ಮಂದಿಯೂ ಇದ್ದೆವು. ಮೇಡಂ ಓದು ಎಂದರು. ನಾನು ನಿಂತು ಅವಳ ಮುಟ್ಟಿನ ದಿನಗಳನ್ನು ಒಂದೊಂದಾಗಿ, ತಾರೀಖು ಮತ್ತು ವಾರದ ಸಮೇತ, ಗಟ್ಟಿಯಾಗಿ ಓದಿದೆ. ಅರವತ್ತೆಂಟು ದಿನಗಳಲ್ಲಿ ಇಪ್ಪತ್ತೊಂಬತ್ತು. ಹದಿನಾಲ್ಕು ಸರದಿಗಳಲ್ಲಿ ತಪ್ಪಿಸಿದ್ದು ಏಳು. ಓದಿ ಮುಗಿಸುವುದಕ್ಕೆ ಮೂರು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಅವಳು ನಿಂತೇ ಇದ್ದಳು. ಕೂರು ಎಂದು ಯಾರೂ ಹೇಳಲಿಲ್ಲ.

“ಇದೇನಮ್ಮ ಇದು?” ಎಂದರು ಮೇಡಂ.

“ಎಲ್ಲಾ ದಿಟವೇ ಮೇಡಂ.”

“ಇಷ್ಟು ದಿನ ಯಾವ ಹೆಣ್ಣಿಗೂ ಆಗಲ್ಲ. ನಾನೂ ಹೆಣ್ಣೇ. ಡಾಕ್ಟರ ಚೀಟಿ ಇದ್ಯಾ?”

“ಇಲ್ಲ ಮೇಡಂ.”

ನನ್ನ ಜೊತೆಗಾತಿ ಎದ್ದಳು. “ಮೇಡಂ, ನಲ್ಲಿ ವಾಷರ್ ಹೋಗಿರ್ಬೇಕು. ಪ್ಲಂಬರ್‌ನ ಕರೆಸಿ.”

ಊಟದ ಮನೆ ಬಿದ್ದು ಬಿದ್ದು ನಕ್ಕಿತು. ಮೇಡಂ, “ಸಾಕು, ಸಾಕು,” ಎಂದರು. ಅವರೂ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಹನ್ನೊಂದನೇ ನಂಬರಿನವಳು ಮುಂದಿದ್ದ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನಾಟಕ ನೋಡು ಎಂದು ನಾನು ಅಂದುಕೊಂಡೆ.

“ಸುಮ್ನೆ ಹೇಳಿದ್ರೆ ಹೇಗೆ ನಂಬೋದು ಮೇಡಂ?” ಎಂದು ಜೊತೆಗಾತಿ ಮುಂದುವರಿಸಿದಳು. “ಇನ್ಮೇಲಿಂದ ಅವಳು ಅಡುಗೆ ಅಮ್ಮಂಗೆ ತೋರಿಸಿ ತಿರುಗಿಸ್ಲಿ.”

ಏನನ್ನು ತೋರಿಸಬೇಕು ಎಂದು ಯಾರೂ ಕೇಳಲಿಲ್ಲ. ಒಪ್ಪುವವರು ಕೈ ಎತ್ತಿ ಎಂದರು ಮೇಡಂ. ನಾನು ಎಣಿಸಿದೆ. ಮೂವತ್ತಮೂರು ಕೈ. ಆರು ಮಂದಿ ಎತ್ತಲಿಲ್ಲ, ಆದರೆ ಬೇಡ ಎಂದೂ ಹೇಳಲಿಲ್ಲ. ಮೂವತ್ತಮೂರರಲ್ಲಿ ಒಂದು ನನ್ನದು. ಏಳು ಸರದಿಯ ತಪ್ಪಿಗೆ ಈ ಸಲ ಮಾಫಿ, ಇನ್ನೊಂದು ಸುಳ್ಳು ಸಿಕ್ಕರೆ ಸೀಟು ರದ್ದು ಎಂದು ಮೇಡಂ ತೀರ್ಪು ಕೊಟ್ಟರು. “ನನ್ನ ಮನಸ್ಸು ದೊಡ್ಡದು ಅಂತ ತಿಳ್ಕೊ,” ಎಂದೂ ಹೇಳಿದರು. ಅವಳು ಕೈ ಮುಗಿದಳು.

ಅವಳ ಮುಂದಿನ ಸರದಿ ಬಂದದ್ದು ಬುಧವಾರ, ಜನವರಿ ಇಪ್ಪತ್ತೈದು. ಬೆಳಿಗ್ಗೆ ಆರೂ ನಲವತ್ತಕ್ಕೆ ಅವಳ ಬಿಲ್ಲೆ ಸರಿಯಾಗೇ ಇತ್ತು. ನೋಡಿ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಒಂದು ಸಭೆ, ಎಲ್ಲ ನೇರವಾಯಿತು. ಏಳೂವರೆಗೆ ಉಪ್ಪಿಟ್ಟು. ಅವಳು ಚಟ್ನಿಯ ಬಕೆಟ್ಟು ಹಿಡಿದು ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ತಿರುಗಿದಳು. ತಿಳಿ ಹಳದಿ ಚೂಡಿದಾರ. ಹಿಂದೆ ಅಂಗೈ ಅಗಲದ ಕಲೆ ಮೂಡಿತ್ತು.

“ಅಯ್ಯಯ್ಯೋ, ಹಿಂದೆ ನೋಡ್ಕೊಳ್ಳೇ!” ಎಂದು ಕೂಗಿದವಳು ನನ್ನ ಜೊತೆಗಾತಿ. “ನೋಡ್ರೇ ಇವಳ್ನ! ಎಲ್ರ ತಟ್ಟೆಗೂ ಬಡಿಸ್ಬುಟ್ಳಲ್ಲ!”

ಅವಳು ಓಡಲಿಲ್ಲ. ಬಕೆಟ್ಟನ್ನು ಕೆಳಗಿಟ್ಟು, ಸೌಟು ಅದರೊಳಗೆ ಬೀಳದಂತೆ ಅಂಚಿಗೆ ಒರಗಿಸಿ, ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅಷ್ಟು ಹೊತ್ತಿಗೆ ಇಪ್ಪತ್ತೆರಡು ಮಂದಿಗೆ ಬಡಿಸಿಯಾಗಿತ್ತು. ಹತ್ತೊಂಬತ್ತು ಮಂದಿ ತಟ್ಟೆ ಎತ್ತಿಕೊಂಡು ಹೋಗಿ ಉಪ್ಪಿಟ್ಟನ್ನು ತೊಟ್ಟಿಗೆ ಸುರಿದರು. ಮೂವರು ಉಂಡರು. ನಾನು ಸುರಿದವಳು.

ಅಡುಗೆಯವರು ಒಳಗಿನಿಂದ ಬಂದು ಅವಳ ಮುಖ ನೋಡಿ, “ಮೊದ್ಲು ಕೂರ್ಸ್ರವ್ವ ಅದನ್ನ. ಮೈಯಲ್ಲಿ ರಕ್ತವೇ ಇಲ್ದಂಗೆ ಬೆಳ್ಗಾಗೋಗದೆ ಮಗು,” ಎಂದರು. ಯಾರೂ ಕೂರಿಸಲಿಲ್ಲ. ಮುಟ್ಟಿದರೆ ಮತ್ತೆ ಸ್ನಾನ ಮಾಡಬೇಕಿತ್ತು, ಎಂಟೂ ಹತ್ತಕ್ಕೆ ಬಸ್ಸು.

ನಾನು ಒಂದು ಮಾರು ದೂರದಲ್ಲಿ ನಿಂತು, ಯಾಕೆ ತಿರುಗಿಸಲಿಲ್ಲ ಎಂದು ಕೇಳಿದೆ.

“ತಿರುಗಿಸಿದ್ರೆ ತೋರಿಸ್ಬೇಕಲ್ಲ ಅಕ್ಕ,” ಎಂದಳು.

ಮೇಡಂಗೆ ತೀರ್ಮಾನಿಸಲು ಹತ್ತು ನಿಮಿಷ ಸಾಕಾಯಿತು. ಭಾನುವಾರ ಅವಳು ಸುಳ್ಳು ಹೇಳುತ್ತಾಳೆ ಎಂದಿದ್ದೆವು. ಬುಧವಾರ, ಅವಳು ಹೇಳಿದ್ದು ನಿಜವೆಂದು ನಲವತ್ತು ಮಂದಿಯ ಎದುರು ಗೊತ್ತಾಯಿತು. ಅದಕ್ಕೇ ಅವಳನ್ನು ಹೊರಗೆ ಹಾಕಿದೆವು. ರಿಜಿಸ್ಟರಿನಲ್ಲಿ ಕಾರಣದ ಕಾಲಂ ತುಂಬಿದ್ದು ನನ್ನ ಕೈ, ಮೇಡಂ ಹೇಳಿ ಬರೆಸಿದ್ದು: ‘ಪದೇ ಪದೇ ಸುಳ್ಳು ಹೇಳಿದ್ದಕ್ಕಾಗಿ ಸೀಟು ರದ್ದು.’ ಅಕ್ಷರ ಚೆನ್ನಾಗಿ ಬಂದಿದೆ.

ಭಾನುವಾರ, ಇಪ್ಪತ್ತೊಂಬತ್ತಕ್ಕೆ, ಅವಳ ತಾಯಿ ಬಂದರು. ಹಾಸಿಗೆ, ಬಕೆಟ್ಟು, ತಟ್ಟೆ, ಲೋಟ, ಬೀಗದ ಕೈ ಎಲ್ಲವನ್ನೂ ಪಟ್ಟಿಯ ಪ್ರಕಾರ ವಾಪಸು ತೆಗೆದುಕೊಳ್ಳುವುದು ನನ್ನ ಕೆಲಸ. ಲೋಟದ ಅಂಚು ನೆಗ್ಗಿತ್ತು. ಅದನ್ನೂ ಗುರುತು ಹಾಕಿಕೊಂಡೆ. ಆ ತಾಯಿ ನನಗಿಂತ ಮೂವತ್ತು ವರ್ಷ ದೊಡ್ಡವರು, ನನ್ನ ಮುಂದೆ ಕೈ ಕಟ್ಟಿ ನಿಂತಿದ್ದರು.

“ತಪ್ಪಾಯ್ತು ಕಣವ್ವ, ನೀವಾದ್ರೂ ಮೇಡಮ್ನೋರ್ಗೆ ಒಂದು ಮಾತು ಏಳಿ. ಸಂಕ್ರಾಂತಿಗೆ ಬಾ, ದೊಡ್ಡಾಸ್ಪತ್ರೇಲಿ ತೋರಿಸ್ಮ ಅಂತ ಕರೆದೆ. ಅವತ್ತು ನನ್ ಸರದಿ ಅದೆ ಕಣವ್ವ, ತಪ್ಪಿಸಿದ್ರೆ ಸೀಟು ಓಯ್ತದೆ ಅಂತ ಬರ್ನೇ ಇಲ್ಲ ಇವ್ಳು.”

“ಇದು ನನ್ನ ಕೈಲಿಲ್ಲಮ್ಮ,” ಎಂದೆ.

“ಸುಮ್ಕಿರವ್ವ, ನಡಿ,” ಎಂದು ಅವಳು ತಾಯಿಯ ತೋಳು ಹಿಡಿದಳು. ನನ್ನ ಕಡೆ ನೋಡಲಿಲ್ಲ. ಗೇಟಿನವರೆಗೆ ಎರಡು ಸಲ ನಿಂತು ನಿಂತು ಹೋದಳು. ಬ್ಯಾಗು ಹೊತ್ತದ್ದು ತಾಯಿ.

ಸಂಕ್ರಾಂತಿಯ ಪುಟವನ್ನು ಆ ಸಂಜೆ ತೆಗೆದು ನೋಡಿದೆ. ಜನವರಿ ಹದಿನೈದು, ಭಾನುವಾರ. ಹಾಸ್ಟೆಲಿನಲ್ಲಿ ಉಳಿದವರು ಹನ್ನೆರಡು ಮಂದಿ. ಸರದಿಯ ಎಂಟರಲ್ಲಿ ಏಳು ಮಂದಿ ಊರಿಗೆ ಹೋಗಿದ್ದರು, ನಾನೇ ರಜೆ ಕೊಟ್ಟಿದ್ದೆ. ಅವಳೊಬ್ಬಳೇ ಬಡಿಸಿ, ಎಂಜಲು ತೆಗೆದು, ನೆಲ ಒರೆಸಿದ್ದಾಳೆ. ಅವಳು ರಜೆ ಕೇಳಿರಲಿಲ್ಲ. ಕೇಳಿದ್ದರೂ ಕೊಡುತ್ತಿರಲಿಲ್ಲ ಎಂಬುದು ನನಗೆ ಗೊತ್ತು.

ಮೇ ತಿಂಗಳಲ್ಲಿ ಮುಂದಿನ ಕಾರ್ಯದರ್ಶಿಗೆ ನೋಟ್‌ಬುಕ್ಕು ಒಪ್ಪಿಸುವ ಮೊದಲು ಎಲ್ಲ ಲೆಕ್ಕ ಇನ್ನೊಮ್ಮೆ ಕೂಡಿದೆ. ಸಭೆಯಲ್ಲಿ ನಾನು ಎರಡು ಸಂಖ್ಯೆ ಓದಿದ್ದೆ, ಇಪ್ಪತ್ತೊಂಬತ್ತು ಮತ್ತು ಏಳು. ಒಂದರಿಂದ ಇನ್ನೊಂದನ್ನು ಕಳೆದಿರಲಿಲ್ಲ. ಇಪ್ಪತ್ತೆರಡು ದಿನ ಅವಳಿಗೆ ಸರದಿಯೇ ಇರಲಿಲ್ಲ, ಆದರೂ ಬಿಲ್ಲೆ ತಿರುಗಿತ್ತು. ಏಳು ಸರದಿ ಎಂದರೆ ಮೂರೂವರೆ ಗಂಟೆಯ ಕೆಲಸ. ಅದನ್ನು ತಪ್ಪಿಸಿಕೊಳ್ಳಲು ಯಾರಾದರೂ ಇಪ್ಪತ್ತೊಂಬತ್ತು ದಿನ ಜಗಲಿಯಲ್ಲಿ ಕೂತು ಉಣ್ಣುತ್ತಾರೆಯೇ? ಪರೀಕ್ಷೆ ಹತ್ತಿರ ಇಟ್ಟುಕೊಂಡು ಓದುವ ಕೋಣೆ ಬಿಟ್ಟು, ಚಳಿಯಲ್ಲಿ, ಮೊಣಕಾಲ ಮೇಲೆ ಪುಸ್ತಕ ಇಟ್ಟು ಓದುತ್ತಾರೆಯೇ? ಸುಳ್ಳು ಹೇಳುವವರು ಏನು ಮಾಡುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು: ಬಿಲ್ಲೆಯನ್ನು ತಿರುಗಿಸುವುದೇ ಇಲ್ಲ. ಆ ಅರವತ್ತೆಂಟು ದಿನಗಳಲ್ಲಿ ನಾನು ಎರಡು ಸಲ ಮುಟ್ಟಾಗಿದ್ದೆ. ಬಿಲ್ಲೆ ತಿರುಗಿಸಿದ್ದು ಒಂದು ಸಲ. ಇನ್ನೊಂದು ಸಲ ಮರುದಿನ ಟೆಸ್ಟ್ ಇತ್ತು, ಓದುವ ಕೋಣೆ ಬೇಕಾಗಿತ್ತು. ನಲವತ್ತು ಮಂದಿಯಲ್ಲಿ ಆ ಹಲಗೆಗೆ ಪ್ರತಿ ದಿನವೂ ನಿಜ ಹೇಳಿದವಳು ಬಹುಶಃ ಅವಳೊಬ್ಬಳೇ.

ಈ ಲೆಕ್ಕ ಹಾಕಲು ಐದನೇ ತರಗತಿಯ ಗಣಿತ ಸಾಕು. ನಾನು ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ.

ಅವಳ ಕಾಲೇಜಿನಲ್ಲಿ ವಿಚಾರಿಸಿದೆ. ಫೆಬ್ರವರಿಯ ನಂತರ ಬಂದಿಲ್ಲ. ಫೋನ್ ನಂಬರ್ ಬಳಕೆಯಲ್ಲಿಲ್ಲ. ಎರಡು ಕಾಗದ ಬರೆದೆ, ಉತ್ತರವಿಲ್ಲ. ಆಗಸ್ಟಿನಲ್ಲಿ ಒಂದು ಶನಿವಾರ ಅವಳ ಊರಿಗೇ ಹೋದೆ. ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ರಾಗಿ ಕೇರುತ್ತಾ, “ಅವ್ರು ಇಲ್ಲಿಲ್ಲ ಕಣವ್ವ. ಮೈಸೂರಲ್ಲೇ ಅವ್ರೆ, ಶ್ರೀರಾಂಪುರದ ಕಡೆ. ಅವ್ವ ಮನೆಕೆಲ್ಸಕ್ಕೆ ಓಯ್ತಾಳೆ,” ಎಂದರು.

“ಮಗಳು?”

“ಮಗಳ್ಗೆ ಉಷಾರಿಲ್ಲ ಅಂತಿದ್ರು. ಆಮೇಲೇನಾಯ್ತೋ. ನೀವ್ಯಾರು?”

ಹಾಸ್ಟೆಲಿನವಳು ಎಂದೆ. ಆಕೆ ಮೊರ ಕೆಳಗಿಟ್ಟು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ.

ಅಂದಿನಿಂದ ಇಲ್ಲಿಯವರೆಗೆ ಇಪ್ಪತ್ತಾರು ಭಾನುವಾರ ಶ್ರೀರಾಂಪುರದ ಬಡಾವಣೆಗಳಲ್ಲಿ ಓಡಾಡಿದ್ದೇನೆ. ಹಾಲಿನ ಬೂತು, ದಿನಸಿ ಅಂಗಡಿ, ಅಪಾರ್ಟ್‌ಮೆಂಟಿನ ಕಾವಲುಗಾರರು, ಯಾರನ್ನು ಕೇಳಿದೆ ಎಂಬುದರ ಪಟ್ಟಿ ಇದೆ. ಯಾರಿಗೂ ಗೊತ್ತಿಲ್ಲ. ಟ್ರಸ್ಟಿಗೆ ಮೂರು ಸಲ ಅರ್ಜಿ ಕೊಟ್ಟೆ. ರಿಜಿಸ್ಟರಿನಲ್ಲಿ ಬರೆದ ಕಾರಣವನ್ನು ಹೊಡೆದುಹಾಕಬಹುದು, ಆದರೆ ಸಂಬಂಧಪಟ್ಟ ವಿದ್ಯಾರ್ಥಿನಿಯೇ ಬಂದು ಸಹಿ ಹಾಕಿ ಕೇಳಬೇಕು ಎಂದು ಉತ್ತರ ಬಂದಿದೆ. ಆ ಸಾಲು ಇರುವವರೆಗೆ ನಮ್ಮ ಹಾಸ್ಟೆಲಿನಿಂದ ಅವಳಿಗೆ ನಡತೆಯ ಪತ್ರ ಸಿಗುವುದಿಲ್ಲ. ಪತ್ರವಿಲ್ಲದೆ ಇನ್ನೊಂದು ಹಾಸ್ಟೆಲಿನವರು ಸೇರಿಸಿಕೊಳ್ಳುವುದು ಕಷ್ಟ.

ಕಳೆದ ತಿಂಗಳು ನನ್ನ ಹಳೆಯ ಜೊತೆಗಾತಿ ಸಿಕ್ಕಿದ್ದಳು. ಈಗ ಬ್ಯಾಂಕಿನಲ್ಲಿದ್ದಾಳೆ. ವಿಷಯ ತೆಗೆದೆ.

“ಇನ್ನೂ ಅದನ್ನೇ ಹಿಡ್ಕೊಂಡಿದ್ಯೇನೇ?” ಎಂದು ನಕ್ಕಳು. “ತಮಾಷೆಗೆ ಏನೋ ಅಂದ್ವಪ್ಪ. ನಾವೇನು ಅವಳ್ನ ಸಾಯಿಸಿದ್ವಾ?”

“ಗೊತ್ತಿಲ್ಲ ಕಣೇ,” ಎಂದೆ.

ಅವಳು ನಗುವುದನ್ನು ನಿಲ್ಲಿಸಿದಳು, ಕಾಫಿ ಮುಗಿಸದೆ ಹೊರಟಳು.

ಗೊತ್ತಿಲ್ಲದ್ದು ಅದೇ. ಅವಳನ್ನು ಯಾವ ವೈದ್ಯರಾದರೂ ನೋಡಿದರೇ, ರಕ್ತಸ್ರಾವ ನಿಂತಿತೇ, ಓದು ಮುಂದುವರಿಯಿತೇ, ನನಗೆ ತಿಳಿಯದು. ಈಗ ಅವಳಿಗೆ ಇಪ್ಪತ್ತೊಂದು ವರ್ಷವಿರಬೇಕು. ತಾಯಿ ಮತ್ತು ಮಗಳು, ನಂಜನಗೂಡಿನ ಆಚೆಯವರು, ತಾಯಿಗೆ ಮನೆಗೆಲಸ. ಇಂಥವರು ನಿಮ್ಮ ಬೀದಿಯಲ್ಲಿದ್ದರೆ, ನಿಮ್ಮ ಮನೆಗೇ ಕೆಲಸಕ್ಕೆ ಬರುತ್ತಿದ್ದರೆ, ಅಥವಾ ನೀವು ಆ ನಲವತ್ತರಲ್ಲಿ ಒಬ್ಬರಾಗಿದ್ದು ನನಗಿಂತ ಹೆಚ್ಚು ತಿಳಿದಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಅವಳ ಮನೆ ಎಲ್ಲಿದೆ ಎಂದು ತಿಳಿಸಬೇಕಾಗಿಲ್ಲ. ನಾನು ಬರುವುದು ಅವಳಿಗೆ ಬೇಡವಿರಬಹುದು. ರಿಜಿಸ್ಟರಿನ ಸಾಲು ಹೊಡೆಸಲು ಅವಳ ಒಂದು ಸಹಿ ಸಾಕು ಎಂದು ಅವಳಿಗೆ ತಿಳಿಸಿ. ಅವಳು ಇಲ್ಲವಾಗಿದ್ದರೆ ಅದನ್ನೂ ಬರೆಯಿರಿ, ದಿನಾಂಕದ ಸಮೇತ.